ಹೆಬ್ಬೆರಳನ್ನು ನಂಬಿದ ಕೋಲ್ಟ್

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಅಮೃತಮಹಲ್ ಕಾವಲಿನ ಹುಲ್ಲುಬಯಲಿಗೆ ಸೇರಿದಂತಿರುವ ಊರು. ಅಲ್ಲಿಂದ ಬಂದು ನನ್ನಲ್ಲಿ ಕನ್ನಡ ಓದಿದ ಹುಡುಗನೊಬ್ಬನು ಈಗ ಪೊಲೀಸ್ ಇಲಾಖೆಯಲ್ಲಿದ್ದಾನೆ. ಹೋದ ಬೇಸಗೆಯಲ್ಲಿ ರಜೆಯ ಮೇಲೆ ಊರಿಗೆ ಬಂದವನು ನನ್ನನ್ನು ಕಾಣಲು ಬಂದು, ಗುರಿ ಸ್ಪರ್ಧೆಗೆಂದು ತನ್ನ ಕೈಗೆ ಬಂದಿರುವ ಹೊಸ ರಿವಾಲ್ವರಿನ ಕಷ್ಟವನ್ನು ತೋಡಿಕೊಂಡನು. ಅದರ ಟ್ರಿಗರ್ ಬಲು ಬಿಗಿಯಂತೆ. ಎಳೆಯುತ್ತ ಎಳೆಯುತ್ತ ತೋರುಬೆರಳು ನಡುಗುತ್ತದೆ. ಆ ನಡುಕ ಮಣಿಕಟ್ಟಿಗೆ ಏರುತ್ತದೆ. ಕಣ್ಣು ನಟ್ಟಿದ್ದುದು ಹಲಗೆಯ ನಡುವಿನ ಕಪ್ಪುಬೊಟ್ಟಿನ ಮೇಲಾದರೂ ಗುಂಡು ಹೋಗಿ ಬೀಳುವುದು ಕೆಳಗೆ, ಎಡಕ್ಕೆ. ಇದನ್ನು ಹೀಗೆ ಮಾಡಿದ ಪುಣ್ಯಾತ್ಮನು ಯಾರು ಸಾರ್ ಎಂದು ಅವನು ನಗುತ್ತಲೇ ಕೇಳಿದನು. ಪಂಪ ಹರಿಹರರನ್ನು ಪಾಠ ಹೇಳಿಕೊಂಡು ಬಂದ ನನಗೆ ಉತ್ತರ ತಿಳಿದಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತ ಹೋದಾಗ, ರಿವಾಲ್ವರೆಂಬುದನ್ನು ಲೋಕಕ್ಕೆ ರೂಢಿ ಮಾಡಿಸಿದ ಮನುಷ್ಯನು ಬಿಗಿಯಾದ ಟ್ರಿಗರನ್ನು ಬದುಕಿನುದ್ದಕ್ಕೂ ಒಪ್ಪದವನಾಗಿದ್ದನೆಂಬುದು ತಿಳಿಯಿತು. ಅವನೇ ಸ್ಯಾಮ್ಯುಯೆಲ್ ಕೋಲ್ಟ್.

ಚರಿತ್ರೆಗೆ ಹೋಗುವ ಮುನ್ನ ಯಂತ್ರದ ಮಾತೊಂದನ್ನು ಹೇಳಿಬಿಡಬೇಕು. ರಿವಾಲ್ವರಿನಲ್ಲಿ ಗುಂಡು ಹಾರುವ ಮೊದಲು ಮೂರು ಕೆಲಸಗಳಾಗಬೇಕು. ಗುಂಡುಗಳನ್ನು ಹೊತ್ತ ಉರುಳೆಯು ಒಂದು ಮನೆಯಷ್ಟು ತಿರುಗಿ ನಳಿಕೆಗೆ ಸರಿಯಾಗಿ ನಿಲ್ಲಬೇಕು. ನಮ್ಮ ಬೇಟೆಗಾರರು ಕುದುರೆ ಎಂದು ಕರೆಯುವ ಸುತ್ತಿಗೆಯು ಸ್ಪ್ರಿಂಗಿನ ಬಲಕ್ಕೆ ಎದುರಾಗಿ ಹಿಂದಕ್ಕೆ ಬಾಗಿ ನಿಲ್ಲಬೇಕು. ಕೊನೆಗೆ ಆ ಕುದುರೆಯನ್ನು ಹಿಡಿದ ಸಣ್ಣ ಕೊಕ್ಕೆ ಜಾರಿ ಅದು ಮುಂದಕ್ಕೆ ಬಡಿಯಬೇಕು. ಮೊದಲೆರಡು ಭಾರದ ಕೆಲಸಗಳು. ಮೂರನೆಯದಕ್ಕೆ ಬಲ ಬೇಡ, ನಯ ಬೇಕು. ಮೊದಲೆರಡನ್ನು ಹೆಬ್ಬೆರಳಿಗೆ ಒಪ್ಪಿಸಿದರೆ ತೋರುಬೆರಳಿಗೆ ಉಳಿಯುವುದು ಕೊಕ್ಕೆಯನ್ನು ಜಾರಿಸುವುದೊಂದೇ. ಒಂದೆರಡು ಕಿಲೋ ತೂಕದ ಎಳೆತ ಅದಕ್ಕೆ ಸಾಕು. ಮೂರನ್ನೂ ತೋರುಬೆರಳಿಗೇ ಹೊರಿಸಿದರೆ ಎಳೆತವು ನಾಲ್ಕೈದು ಕಿಲೋಗೆ ಏರುತ್ತದೆ. ಕೈಯಲ್ಲಿರುವ ಆಯುಧದ ತೂಕವೇ ಒಂದು ಕಿಲೋ ಇರುವಾಗ, ಅದರ ನಾಲ್ಕು ಮಡಿ ಬಲದಿಂದ ಅದನ್ನು ಎಳೆಯುತ್ತ ಅಲುಗದಂತೆ ಹಿಡಿಯುವುದು ಎಂತಹ ಸಾಹಸವೆಂದು ಓದುಗರೇ ಊಹಿಸಬಹುದು. ಏಕಲವ್ಯನ ಗುರುವು ಹೆಬ್ಬೆರಳನ್ನೇ ಕೇಳಿದ್ದು ಸುಮ್ಮನೆ ಅಲ್ಲ.

ಕೋಲ್ಟನು ಹುಟ್ಟಿದ್ದು 1814ರ ಜುಲೈ 19ರಂದು, ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಂದೆ ವ್ಯಾಪಾರಸ್ಥ, ಕೈಯಲ್ಲಿದ್ದ ಹಣ ವ್ಯಾಪಾರದಲ್ಲಿ ಕರಗಿಹೋಗಿತ್ತು. ಹುಡುಗನಿಗೆ ಏಳು ತುಂಬುವ ಹೊತ್ತಿಗೆ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ಇನ್ನೊಬ್ಬರ ಹೊಲದ ಮನೆಯಲ್ಲಿ ದುಡಿಮೆ, ಆಮೇಲೆ ತಂದೆಯ ಬಟ್ಟೆ ಗಿರಣಿಯಲ್ಲಿ ಕೆಲಸ, ನಡುವೆ ಅಷ್ಟಿಷ್ಟು ಶಾಲೆ. ಮದ್ದಿನ ಮೇಲಿನ ಮೋಹ ಎಳೆಯಂದಿನಿಂದಲೂ ಇದ್ದಿತು. 1830ರ ಜುಲೈ 4ರ ಸ್ವಾತಂತ್ರ್ಯೋತ್ಸವದಲ್ಲಿ ಆಮ್‌ಹರ್ಸ್ಟ್‌ನ ವಿದ್ಯಾಶಾಲೆಯಲ್ಲಿ ಅವನು ಹಚ್ಚಿದ ಬಾಣಬಿರುಸು ಬೆಂಕಿಗೆ ಕಾರಣವಾಗಿ, ಅಲ್ಲಿಗೆ ಅವನ ವಿದ್ಯಾಭ್ಯಾಸವೂ ಮುಗಿಯಿತು. ಮನೆಯವರು ಅವನನ್ನು ಕಾರ್ವೋ ಎಂಬ ಹಡಗಿಗೆ ನಾವಿಕನ ಕೆಲಸ ಕಲಿಯಲು ಹತ್ತಿಸಿದರು. ಹಡಗು ಹೊರಟದ್ದು ನಮ್ಮ ಕಲ್ಕತ್ತೆಗೆ.

ಆ ಪ್ರಯಾಣದಲ್ಲಿಯೇ ಹದಿನಾರರ ಹುಡುಗನು ಮರದ ತುಂಡುಗಳನ್ನು ಚಾಕುವಿನಿಂದ ಕೆತ್ತಿ ತಿರುಗುವ ಪಿಸ್ತೂಲಿನ ಮಾದರಿಯೊಂದನ್ನು ಮಾಡಿದನು. ಹಡಗಿನ ಚುಕ್ಕಾಣಿಯ ಚಕ್ರವು ತಿರುಗಿ ತಿರುಗಿ ನಿಲ್ಲುವುದನ್ನು ನೋಡಿ ಹೊಳೆಯಿತೆಂದು ಕೆಲವರು, ಲಂಗರನ್ನು ಮೇಲೆತ್ತುವ ರಾಟೆಯನ್ನು ನೋಡಿ ಎಂದು ಕೆಲವರು ಹೇಳುವುದುಂಟು. ಬಾಸ್ಟನ್ನಿನವನಾದ ಎಲೈಶಾ ಕಾಲಿಯರ್ ಎಂಬವನು 1818ರಲ್ಲಿಯೇ ಇಂಗ್ಲೆಂಡಿನಲ್ಲಿ ಚಕಮಕಿ ಕಲ್ಲಿನ ತಿರುಗುಬಂದೂಕಿಗೆ ಹಕ್ಕುಪತ್ರ ಪಡೆದಿದ್ದನು. ಅಂಥವು ಕೆಲವು ಭಾರತಕ್ಕೂ ಬಂದಿದ್ದುವು. ಅದನ್ನು ಹುಡುಗನು ಕಂಡಿದ್ದಿರಬಹುದೆಂಬ ಊಹೆಗೂ ಎಡೆಯಿದೆ. ಆದರೆ ಕಾಲಿಯರನ ಬಂದೂಕಿನಲ್ಲಿ ಉರುಳೆಯನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದೊಡನೆ ಉರುಳೆ ತಾನಾಗಿ ಒಂದು ಮನೆ ತಿರುಗಿ, ತಾನಾಗಿ ಬೀಗ ಬಿದ್ದು ನಿಲ್ಲುವಂತೆ ಮಾಡಿದ್ದು ಕೋಲ್ಟನ ಹೆಚ್ಚುಗಾರಿಕೆ. ಆ ಮರದ ಮಾದರಿ ಇಂದಿಗೂ ಹಾರ್ಟ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದೆ.

ಮರದ್ದು ಕಬ್ಬಿಣವಾಗಬೇಕಾದರೆ ಹಣ ಬೇಕು. ಹಣಕ್ಕಾಗಿ ಅವನು ಹಿಡಿದ ದಾರಿಯನ್ನು ಕೇಳಿದರೆ ನಗು ಬರುತ್ತದೆ. ಮೂಗಿಗೆ ಹಿಡಿದರೆ ನಗೆ ಉಕ್ಕಿಸುವ ಅನಿಲವೊಂದು ಆಗ ಹೊಸದು. ಅದನ್ನು ಊರೂರಿಗೆ ಒಯ್ದು ಸಭೆಗಳಲ್ಲಿ ಜನರಿಗೆ ಮೂಸಲು ಕೊಟ್ಟು, ಅವರು ಕುಣಿದು ಕೂಗಾಡುವುದನ್ನು ಉಳಿದವರಿಗೆ ತೋರಿಸಿ ಟಿಕೆಟಿನ ಹಣ ಎತ್ತತೊಡಗಿದನು. ಹದಿನೆಂಟರ ಆಸುಪಾಸಿನ ಈ ಹುಡುಗನು ಜಾಹೀರಾತುಗಳಲ್ಲಿ ತನ್ನನ್ನು ನ್ಯೂಯಾರ್ಕ್, ಲಂಡನ್, ಕಲ್ಕತ್ತೆಗಳ ಖ್ಯಾತ ಡಾಕ್ಟರನೆಂದು ಕರೆದುಕೊಂಡನು. ಕಲ್ಕತ್ತೆಯ ಹೆಸರು ಒಬ್ಬ ಅಮೆರಿಕನ್ನನಿಗೆ ಹೀಗೂ ಒದಗಿತು! ಬಂದ ಹಣವೆಲ್ಲ ಕೋವಿ ಮಾಡುವ ಕಮ್ಮಾರರ ಕೈಗೆ ಹೋಯಿತು. ಮೊದಲು ಮಾಡಿಸಿದ್ದರಲ್ಲಿ ಒಂದು ಸಿಡಿದೇಹೋಯಿತು. ಕೊನೆಗೆ 1835ರಲ್ಲಿ ಇಂಗ್ಲೆಂಡಿನ, 1836ರ ಫೆಬ್ರವರಿ 25ರಂದು ಅಮೆರಿಕದ ಹಕ್ಕುಪತ್ರಗಳು ದೊರೆತುವು. ಅದೇ ವರ್ಷ ನ್ಯೂಜೆರ್ಸಿಯ ಪ್ಯಾಟರ್ಸನ್ ಪಟ್ಟಣದಲ್ಲಿ ಕಾರ್ಖಾನೆ ಏಳಿತು.

ಪ್ಯಾಟರ್ಸನ್ನಿನ ಐದು ಗುಂಡಿನ ಪಿಸ್ತೂಲನ್ನು ಕಂಡವರಿಗೆ ಮೊದಲ ನೋಟಕ್ಕೆ ಅದರಲ್ಲಿ ಟ್ರಿಗರೇ ಕಾಣದು. ಅದು ಒಳಗೆ ಮಡಚಿಕೊಂಡಿರುತ್ತದೆ. ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿದಾಗ ಮಾತ್ರ ಕೆಳಗೆ ಇಳಿಯುತ್ತದೆ. ಹೆಬ್ಬೆರಳು ತನ್ನ ಪಾಲಿನ ಕೆಲಸವನ್ನು ಮುಗಿಸುವತನಕ ತೋರುಬೆರಳಿಗೆ ಅಲ್ಲಿ ಜಾಗವೇ ಇಲ್ಲ. ಕೋಲ್ಟನ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಹೇಳುವ ವಸ್ತು ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಮುಂದೆ ಟ್ರಿಗರನ್ನು ಹೊರಗೇ ಇಟ್ಟು ಸುತ್ತ ಬಳೆಯೊಂದನ್ನು ಕಟ್ಟಿದನಾದರೂ ಕೆಲಸದ ಹಂಚಿಕೆಯನ್ನು ಮಾತ್ರ ಬದಲಿಸಲಿಲ್ಲ.

ಕಾರ್ಖಾನೆ ನಡೆಯಲಿಲ್ಲ. ಸೈನ್ಯದ ಅಧಿಕಾರಿಗಳು ಹೊಸದನ್ನು ನಂಬಲಿಲ್ಲ. 1838ರಲ್ಲಿ ಫ್ಲಾರಿಡಾದ ಯುದ್ಧಭೂಮಿಗೆ ತಾನೇ ಹೊತ್ತುಕೊಂಡು ಹೋಗಿ ಕೆಲವನ್ನು ಮಾರಿದನು. ಟೆಕ್ಸಸ್ಸಿನ ನೌಕಾದಳ ಕೆಲವನ್ನು ಕೊಂಡಿತು. ಅಷ್ಟರಿಂದ ಸಾಲ ತೀರಲಿಲ್ಲ. 1842ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ಸಮಯಕ್ಕೆ ಮನೆಯಲ್ಲಿ ಒಂದು ಘೋರ ಸಂಭವಿಸಿತ್ತು. ಅವನ ಸೋದರ ಜಾನನು 1841ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಮುದ್ರಕನನ್ನು ಹಣದ ಜಗಳದಲ್ಲಿ ಕೊಂದನು. ಕೊಲೆ ನಡೆದದ್ದು ಕೋಲ್ಟ್ ಪಿಸ್ತೂಲಿನಿಂದಲೇ ಎಂಬ ಸಂಶಯ ಹುಟ್ಟಿದಾಗ ಸ್ಯಾಮ್ಯುಯೆಲನು ನ್ಯಾಯಾಲಯದಲ್ಲಿ ನಿಂತು, ಮದ್ದಿಲ್ಲದೆ ಬರಿಯ ಕೇಪಿನ ಬಲದಿಂದ ಗುಂಡು ಹಾರಿಸಿದರೆ ಅದರ ಶಕ್ತಿ ಎಷ್ಟೆಂಬುದನ್ನು ಹಾರಿಸಿಯೇ ತೋರಿಸಬೇಕಾಯಿತು. ತಾನು ಕಟ್ಟಿದ ಯಂತ್ರವನ್ನು ಅವನು ಎಷ್ಟೋ ಸಭೆಗಳಲ್ಲಿ ಪ್ರದರ್ಶಿಸಿದ್ದನು. ಅಂತಹ ಪ್ರದರ್ಶನ ಮತ್ತೊಂದಿರಲಾರದು. ಜಾನನಿಗೆ ಮರಣದಂಡನೆಯಾಯಿತು. ಗಲ್ಲಿನ ದಿನವಾದ 1842ರ ನವೆಂಬರ್ 18ರಂದು ಅವನು ಸೆರೆಮನೆಯ ಕೋಣೆಯಲ್ಲಿ ಎದೆಗೆ ಇರಿದುಕೊಂಡು ಸತ್ತಿದ್ದನು. ಸತ್ತ ಮುದ್ರಕನ ಹೆಸರು ಸ್ಯಾಮ್ಯುಯೆಲ್ ಆಡಮ್ಸ್. ಆಡಮ್ಸ್ ಎಂಬ ಹೆಸರು ಕೋಲ್ಟನ ಬಾಳಿನಲ್ಲಿ ಇನ್ನೊಮ್ಮೆ ಎದುರಾಗುವುದಿತ್ತು.

ನಡುವಿನ ಐದು ವರ್ಷ ಅವನು ಪಿಸ್ತೂಲಿನ ಗೊಡವೆಗೆ ಹೋಗಲಿಲ್ಲ. ನೀರಿನೊಳಗೆ ವಿದ್ಯುತ್ತಿನಿಂದ ಸಿಡಿಯುವ ಮದ್ದಿನ ಪೆಟ್ಟಿಗೆಗಳನ್ನು ಮಾಡಿ ಹಡಗುಗಳನ್ನು ಒಡೆದು ತೋರಿಸಿದನು. ತಂತಿಸಮಾಚಾರದ ಮೋರ್ಸನಿಗೆ ನೀರಿನಡಿಯ ತಂತಿಯ ವಿಷಯದಲ್ಲಿ ನೆರವಾದನು. ಆಗ ಟೆಕ್ಸಸ್ಸಿನ ಕಡೆಯಿಂದ ಭಾಗ್ಯ ತಿರುಗಿತು. ಅಲ್ಲಿನ ಕುದುರೆಸವಾರರ ದಳವು ಪ್ಯಾಟರ್ಸನ್ ಪಿಸ್ತೂಲುಗಳಿಂದ ಕೊಮಾಂಚೆ ಜನರೊಡನೆ ಕಾದು ಅವುಗಳ ಬೆಲೆಯನ್ನು ಅರಿತಿತ್ತು. ಆ ದಳದ ಸ್ಯಾಮ್ಯುಯೆಲ್ ವಾಕರನು ಮೆಕ್ಸಿಕೊ ಯುದ್ಧದ ಸಮಯದಲ್ಲಿ ಬಂದು, ಗುಂಡು ಐದಲ್ಲ ಆರಿರಲಿ, ಪೆಟ್ಟು ಹೆಚ್ಚಿರಲಿ ಎಂದು ತಿದ್ದುಪಡಿ ಹೇಳಿದನು. 1847ರಲ್ಲಿ 1000 ಪಿಸ್ತೂಲುಗಳಿಗೆ ಸರ್ಕಾರದ ಒಪ್ಪಂದವಾಯಿತು. ಕೋಲ್ಟನಿಗೆ ಕಾರ್ಖಾನೆಯೇ ಇರಲಿಲ್ಲ. ಎಲೈ ವಿಟ್ನಿಯ ಮಗನ ಕಾರ್ಖಾನೆಯಲ್ಲಿ ಮಾಡಿಸಿಕೊಟ್ಟನು. ಒಂದೊಂದೂ ಎರಡು ಕಿಲೋ ತೂಗುತ್ತಿದ್ದ ಆ ಭೀಮಕಾಯದ ಪಿಸ್ತೂಲಿಗೆ ವಾಕರನ ಹೆಸರೇ ನಿಂತಿತು. ವಾಕರನಾದರೋ ಅದೇ ವರ್ಷದ ಅಕ್ಟೋಬರಿನಲ್ಲಿ ಮೆಕ್ಸಿಕೊದಲ್ಲಿ ಮಡಿದನು.

ಇಲ್ಲಿಂದ ಮುಂದಿನ ಏಳಿಗೆಯನ್ನು ವಿಸ್ತರಿಸಬೇಕಾಗಿಲ್ಲ. ಹಣವಂತರ ಏಳಿಗೆಯ ಕಥೆಗಳು ಹೆಚ್ಚುಕಡಿಮೆ ಒಂದೇ ಬಗೆ. ಇಷ್ಟನ್ನು ಮಾತ್ರ ಹೇಳಬೇಕು: ಒಂದು ಪಿಸ್ತೂಲಿನ ಭಾಗ ಇನ್ನೊಂದಕ್ಕೂ ಕೂಡುವಂತೆ ಎಲ್ಲವನ್ನೂ ಯಂತ್ರಗಳಿಂದಲೇ ಕೊರೆಸಿ ಕಡೆಯಿಸುವ ಪದ್ಧತಿಯನ್ನು ಎಲೈಶಾ ರೂಟ್ ಎಂಬ ಯಂತ್ರಕುಶಲನ ಸಹಾಯದಿಂದ ಅವನು ಬಹಳ ಮುಂದಕ್ಕೆ ಒಯ್ದನು. ಅಧಿಕಾರಿಗಳಿಗೂ ರಾಜರಿಗೂ ಚಿನ್ನದ ಕೆತ್ತನೆಯ ಪಿಸ್ತೂಲುಗಳನ್ನು ಕಾಣಿಕೆ ಕೊಟ್ಟು ಕೆಲಸ ಸಾಧಿಸುವುದರಲ್ಲಿ ಅವನಿಗೆ ಸಂಕೋಚವೆಂಬುದಿರಲಿಲ್ಲ. ಅದನ್ನು ಮುಚ್ಚಿಟ್ಟು ಬರೆಯುವ ಚರಿತ್ರೆಕಾರರನ್ನು ನಾನು ಮೆಚ್ಚಲಾರೆ.

1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ಲೋಕದ ಮಹಾಪ್ರದರ್ಶನ ನೆರೆಯಿತು. ಕೋಲ್ಟನು ತನ್ನ ಪಿಸ್ತೂಲುಗಳ ಸಾಲನ್ನೇ ಅಲ್ಲಿ ತೂಗುಹಾಕಿದನು. ಆ ನವೆಂಬರಿನಲ್ಲಿ ಇಂಗ್ಲೆಂಡಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯಲ್ಲಿ ಪ್ರಬಂಧ ಓದುವ ಗೌರವವೂ ಅವನಿಗೆ ಸಂದಿತು. ತಿರುಗುವ ಬಂದೂಕುಗಳು ತನಗಿಂತ ನೂರಾರು ವರ್ಷ ಹಿಂದೆಯೇ ಇದ್ದುವೆಂಬುದನ್ನು ಲಂಡನ್ ಗೋಪುರದ ಆಯುಧಶಾಲೆಯಲ್ಲಿ ನೋಡಿ ತಿಳಿದುಕೊಂಡಿದ್ದ ಅವನು ಅದನ್ನು ಆ ಸಭೆಯಲ್ಲಿ ಮರೆಮಾಚಲಿಲ್ಲ. ಆದರೆ ಅದೇ ಗಾಜಿನ ಅರಮನೆಯಲ್ಲಿ ರಾಬರ್ಟ್ ಆಡಮ್ಸ್ ಎಂಬ ಇಂಗ್ಲಿಷ್ ಕುಶಲಿಯ ರಿವಾಲ್ವರೂ ಇದ್ದಿತು. ಅದರ ಕುದುರೆಗೆ ಹೆಬ್ಬೆರಳು ಊರುವ ಕೊಂಬೇ ಇರಲಿಲ್ಲ. ಟ್ರಿಗರನ್ನು ಉದ್ದಕ್ಕೂ ಎಳೆದರೆ ಉರುಳೆ ತಿರುಗಿ, ಕುದುರೆ ಎದ್ದು, ಎದ್ದ ಕುದುರೆ ಬಡಿದು, ಗುಂಡು ಹಾರುತ್ತಿತ್ತು. ಎಳೆ, ಮತ್ತೆ ಎಳೆ. ಐದು ಗುಂಡು ಐದು ಎಳೆತದಲ್ಲಿ ಮುಗಿಯಿತು.

ವಾದ ಹುಟ್ಟಿತು. ಕೈಗೆ ಕೈ ಸೇರುವ ಕಾಳಗದಲ್ಲಿ ಹೆಬ್ಬೆರಳನ್ನು ಎತ್ತಿ ಇಳಿಸಲು ವ್ಯವಧಾನವೆಲ್ಲಿ ಎಂದು ಆಡಮ್ಸನ ಪಕ್ಷದವರು ಕೇಳಿದರು. ಅಷ್ಟು ಬಿಗಿಯಾದ ಟ್ರಿಗರನ್ನು ಎಳೆಯುತ್ತ ಯಾರ ಕೈ ನೆಟ್ಟಗೆ ನಿಂತೀತು, ಗುರಿ ತಪ್ಪಿದ ಗುಂಡು ಬೇಗ ಹೋದರೇನು ನಿಧಾನವಾಗಿ ಹೋದರೇನು ಎಂದು ಕೋಲ್ಟನ ಪಕ್ಷದವರು ಕೇಳಿದರು. ಎರಡು ಮಾತೂ ನಿಜವೇ. ಅದಕ್ಕೆಂದೇ ನಡುವೆ ರಾಜಿ ಮಾಡಿಸಹೊರಟವರೂ ಹುಟ್ಟಿಕೊಂಡರು. ಬರ್ಮಿಂಗ್‌ಹ್ಯಾಮಿನ ವಿಲಿಯಂ ಟ್ರಾಂಟರನು 1853ರಲ್ಲಿ ಒಂದರ ಕೆಳಗೊಂದು ಎರಡು ಟ್ರಿಗರುಗಳನ್ನಿಟ್ಟನು: ಬಳೆಯ ಹೊರಗೆ ಇಳಿದ ಕೆಳಗಿನದನ್ನು ಎಳೆದರೆ ಕುದುರೆ ಏಳುವುದು, ಒಳಗಿನ ಮೇಲಿನದನ್ನು ಮುಟ್ಟಿದರೆ ಬಡಿಯುವುದು. ಭಾರವನ್ನು ಒಂದು ಬೆರಳಿನಿಂದ ಇನ್ನೊಂದಕ್ಕೆ ಹಂಚಿದ ಈ ಉಪಾಯ ಚಮತ್ಕಾರದ್ದು. ಕೊನೆಗೆ ಸೈನ್ಯದ ಇಂಜಿನಿಯರಾಗಿದ್ದ ಬ್ಯೂಮಾಂಟ್ ಎಂಬ ತರುಣನು ಆಡಮ್ಸನ ರಿವಾಲ್ವರಿಗೇ ಹೆಬ್ಬೆರಳಿನ ಕೊಂಬನ್ನು ಸೇರಿಸಿದನು. ಅವಸರವಿದ್ದಾಗ ಟ್ರಿಗರನ್ನೇ ಉದ್ದಕ್ಕೆ ಎಳೆಯಬಹುದು. ಗುರಿ ದೂರವಿದ್ದಾಗ ಹೆಬ್ಬೆರಳಿನಿಂದ ಕುದುರೆ ನಿಲ್ಲಿಸಿ ಹಗುರವಾಗಿ ಮುಟ್ಟಬಹುದು. 1856ರಲ್ಲಿ ಬ್ರಿಟಿಷ್ ಸೈನ್ಯ ಇದನ್ನು ಒಪ್ಪಿತು. ಲಂಡನ್ನಿನ ಪಿಮ್ಲಿಕೊದಲ್ಲಿ 1853ರಲ್ಲಿ ತೆರೆದಿದ್ದ ಕೋಲ್ಟನ ಕಾರ್ಖಾನೆ ಅದೇ 1856ರಲ್ಲಿ ಬಾಗಿಲು ಮುಚ್ಚಿತು.

ಇದು ಅವನ ಬಾಳಿನ ದೊಡ್ಡ ಸೋಲು. ಬ್ಯೂಮಾಂಟನು ಮಾಡಿದ್ದನ್ನು ಕೋಲ್ಟನು ತಾನೇ ಮಾಡಬಹುದಾಗಿತ್ತು. ಯಂತ್ರಗಳು ಇದ್ದುವು, ರೂಟನಂಥ ಕುಶಲಿಯಿದ್ದನು, ಹಣಕ್ಕೆ ಕೊರತೆಯಿರಲಿಲ್ಲ. ಅವನು ಮನಸ್ಸು ಮಾಡಲಿಲ್ಲ. ಹಠವೆಂದು ಸುಲಭವಾಗಿ ಹೇಳಬಹುದು. ಆದರೆ ಯೌವನದಲ್ಲಿ ಎಲ್ಲರೂ ನಕ್ಕ ವಸ್ತುವನ್ನು ನಂಬಿ ಹತ್ತು ವರ್ಷ ಸಾಲದಲ್ಲಿ ಬೆಂದವನಿಗೆ, ಇನ್ನೊಬ್ಬರು ತಿದ್ದಲು ಹೇಳಿದಾಗ ಕಿವಿ ಮಂದವಾಗುವುದು ಸಹಜ. ವಾಕರನ ಮಾತನ್ನು ಕೇಳಿದ ಕೋಲ್ಟನು ಕೆಲಸವಿಲ್ಲದ ಬಡವ. ಆಡಮ್ಸನನ್ನು ಕಡೆಗಣಿಸಿದ ಕೋಲ್ಟನು ಕುಬೇರ.

ಮರುವರ್ಷ ಈ ವಾದಕ್ಕೆ ರಣರಂಗವಾದದ್ದು ನಮ್ಮ ದೇಶವೇ. 1857ರಲ್ಲಿ ಇಲ್ಲಿದ್ದ ಆಂಗ್ಲ ಅಧಿಕಾರಿಗಳು ತಂತಮ್ಮ ಹಣದಿಂದ ಕೊಂಡ ಕೋಲ್ಟ್, ಆಡಮ್ಸ್, ಟ್ರಾಂಟರ್‌ಗಳನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದರು. ಕೋಲ್ಟನ ಮೇಲೆ ಅತಿ ವಿಶ್ವಾಸವಿಟ್ಟಿದ್ದ ಅಧಿಕಾರಿಯೊಬ್ಬನು ತನ್ನ ಮೇಲೆ ಏರಿಬಂದ ಸಿಪಾಯಿಗೆ ಮೇಲಿಂದ ಮೇಲೆ ಗುಂಡು ತಾಗಿಸಿಯೂ ಅವನ ಕತ್ತಿಯ ಪೆಟ್ಟಿನಿಂದ ಪಾರಾಗಲಿಲ್ಲವೆಂಬ ಕಥೆ ಆ ಕಾಲದ ಸೈನಿಕರಲ್ಲಿ ಹರಡಿತು. ಗುರಿ ಸರಿಯಿದ್ದರೂ ಕೋಲ್ಟನ ಗುಂಡು ಸಣ್ಣದೆಂಬುದು ಅದರ ತಾತ್ಪರ್ಯ. ಇತ್ತ ಅದೇ ವರ್ಷ ಸರ್ಕಾರವು ಜನರ ಆಯುಧಗಳನ್ನು ಕಸಿಯಲು ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲೊಲ್ಲದೆ ತಿರುಗಿಬಿದ್ದರು. ಊರು ಸುಟ್ಟುಹೋಯಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಓದದ ಕನ್ನಡ ವಿದ್ಯಾರ್ಥಿ ಇರಲಾರನು. ಬೇಡರ ನಾಡೇ ಆದ ಚಳ್ಳಕೆರೆಯ ಕಡೆ ಅದನ್ನು ಪಾಠ ಹೇಳುವಾಗ ಹುಡುಗರ ಕಣ್ಣು ಅಗಲವಾಗುವುದನ್ನು ನಾನು ಬಲ್ಲೆ. ಹಾರ್ಟ್‌ಫರ್ಡಿನಲ್ಲಿ ಯಂತ್ರಗಳು ಸಾವಿರಗಟ್ಟಲೆ ರಿವಾಲ್ವರುಗಳನ್ನು ಉದುರಿಸುತ್ತಿದ್ದ ದಿನಗಳಲ್ಲಿಯೇ ಇಲ್ಲಿ ಹಳೆಯ ನಾಡಕೋವಿಯೊಂದನ್ನು ಮನೆಯಲ್ಲಿ ಉಳಿಸಿಕೊಳ್ಳಲು ಜನ ಪ್ರಾಣ ತೆತ್ತರು. ಕಲ್ಕತ್ತೆಯ ಹೆಸರು ಹೇಳಿ ಟಿಕೆಟು ಮಾರಿದವನ ಕಿವಿಗೆ ಹಲಗಲಿಯ ಹೆಸರು ಬಿದ್ದಿರಲಾರದು.

ಹಾರ್ಟ್‌ಫರ್ಡಿನಲ್ಲಿ ಕನೆಕ್ಟಿಕಟ್ ನದಿಗೆ ಒಡ್ಡು ಕಟ್ಟಿ, ನೆರೆಯ ನೆಲವನ್ನು ಒಣಗಿಸಿ, 1855ರಲ್ಲಿ ಅವನು ಎಬ್ಬಿಸಿದ ಹೊಸ ಕಾರ್ಖಾನೆಯ ಮೇಲೆ ಚಿಕ್ಕಿಗಳ ನೀಲಿ ಗುಮ್ಮಟವಿದ್ದಿತು. 1856ರಲ್ಲಿ ಎಲಿಜಬೆತ್ ಜಾರ್ವಿಸಳನ್ನು ಮದುವೆಯಾದನು. ಹುಟ್ಟಿದ ಮಕ್ಕಳಲ್ಲಿ ಒಬ್ಬ ಮಗನ ಹೊರತು ಯಾರೂ ಬಾಲ್ಯವನ್ನು ದಾಟಲಿಲ್ಲ. ಅಮೆರಿಕದ ಅಂತರ್ಯುದ್ಧ ಕವಿಯುತ್ತಿದ್ದಾಗ ಉತ್ತರ ದಕ್ಷಿಣಗಳೆರಡಕ್ಕೂ ಆಯುಧ ಮಾರಿದನೆಂಬ ಕಳಂಕ ಅವನಿಗೆ ಅಂಟಿಕೊಂಡಿತು. ಅದು ಬರಿಯ ಅಪವಾದವಲ್ಲ. 1862ರ ಜನವರಿ 10ರಂದು, ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ಸತ್ತ ಹದಿನೈದು ವರ್ಷಗಳ ಮೇಲೆ, 1877ರಲ್ಲಿ, ಅವನ ಸಂಸ್ಥೆ ಟ್ರಿಗರಿನಿಂದಲೇ ಎಲ್ಲ ಕೆಲಸ ಮಾಡುವ ರಿವಾಲ್ವರನ್ನು ಮೊದಲ ಬಾರಿಗೆ ಹೊರತಂದಿತು. ಅದರ ಒಳಯಂತ್ರ ಬಲು ಬೇಗ ಕೆಡುತ್ತಿತ್ತು. ಹೆಬ್ಬೆರಳನ್ನೇ ನಂಬಿದ 1873ರ ಮಾದರಿಯಾದರೋ ಇಂದಿಗೂ ಹೆಸರುಳಿಸಿಕೊಂಡಿದೆ.

ದೊಡ್ಡಉಳ್ಳಾರ್ತಿಯ ಹುಡುಗನಿಗೆ ಇಷ್ಟನ್ನೂ ಕಾಗದ ಬರೆದು ತಿಳಿಸಿದೆ. ಅವನ ಉತ್ತರ ಬಂದಿದೆ. ಆಯುಧ ನೋಡಿಕೊಳ್ಳುವ ಹಿರಿಯ ಕುಶಲಿಯ ಬಳಿಗೆ ರಿವಾಲ್ವರನ್ನು ಒಯ್ದನಂತೆ. ಸ್ಪ್ರಿಂಗನ್ನು ಸಡಿಲ ಮಾಡಿಕೊಡಿರೆಂದು ಕೇಳಿದರೆ ಆತನು ಒಪ್ಪಲಿಲ್ಲ: ಕುದುರೆಯ ಪೆಟ್ಟು ಮೆದುವಾದರೆ ತೋಟಾ ಸಿಡಿಯದೆ ಹೋದೀತು, ಕೊಕ್ಕೆಯನ್ನು ಅತಿ ನಯ ಮಾಡಿದರೆ ಬೇಡದ ಹೊತ್ತಿನಲ್ಲಿ ಜಾರೀತು, ಸ್ಪರ್ಧೆಯ ನಿಯಮವೂ ಟ್ರಿಗರು 1000 ಗ್ರಾಂ ತೂಕವನ್ನು ಎತ್ತಿ ಹಿಡಿಯಲೇಬೇಕೆನ್ನುತ್ತದೆ. ಒರಟಾಗಿದ್ದ ಕಡೆ ಸ್ವಲ್ಪ ಉಜ್ಜಿ, ಎಣ್ಣೆ ಹಾಕಿ, ಖಾಲಿ ರಿವಾಲ್ವರಿನಿಂದ ದಿನವೂ ಗೋಡೆಯ ಬೊಟ್ಟಿಗೆ ಗುರಿಯಿಟ್ಟು ಎಳೆಯುವ ಅಭ್ಯಾಸ ಹೇಳಿ ಕಳಿಸಿದನಂತೆ. ನಿಧಾನದ ಸುತ್ತಿನಲ್ಲಿ ಹೆಬ್ಬೆರಳಿನಿಂದ ಕುದುರೆಯನ್ನು ಎತ್ತಿ ನಿಲ್ಲಿಸಿಕೊಳ್ಳುವುದನ್ನೂ ಆತನೇ ತೋರಿಸಿಕೊಟ್ಟನಂತೆ. ಗುಂಡುಗಳು ಈಗ ಎಡಕ್ಕೆ ಹೋಗುವುದು ಕಡಿಮೆಯಾಗಿದೆಯೆಂದು ಹುಡುಗನು ಬರೆದಿದ್ದಾನೆ.

ಕೋಲ್ಟನ ಹೆಂಡತಿ ಅವನಿಗಿಂತ ನಲವತ್ತಮೂರು ವರ್ಷ ಹೆಚ್ಚು ಬದುಕಿದಳು. 1864ರಲ್ಲಿ ಸುಟ್ಟುಹೋದ ಕಾರ್ಖಾನೆಯನ್ನು ಮತ್ತೆ ಕಟ್ಟಿಸಿದವಳು ಅವಳೇ. ಗಂಡನ ಮತ್ತು ಮಕ್ಕಳ ನೆನಪಿಗೆ ಹಾರ್ಟ್‌ಫರ್ಡಿನಲ್ಲಿ ಅವಳು ಎಬ್ಬಿಸಿದ ಇಗರ್ಜಿಯ ಒಂದು ಬಾಗಿಲಲ್ಲಿ, ಶಿಲುಬೆಗಳ ಮತ್ತು ಎಲೆಬಳ್ಳಿಗಳ ನಡುವೆ, ರಿವಾಲ್ವರಿನ ಬಿಡಿಭಾಗಗಳನ್ನು ಕಲ್ಲಿನಲ್ಲಿ ಕಡೆದಿದ್ದಾರೆ.